ವಸಡಿನ ರಕ್ತಕ್ಕೂ ಹುಳುಕು ಹಲ್ಲಿಗೂ ಒಂದೇ ಲೇಸರ್ ಸಾಕೇ?

ಪ್ರಶ್ನೆ: ನನಗೆ 51 ವರ್ಷ. ಏಳು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬಿಪಿ ಮಾತ್ರೆಯನ್ನೂ ನುಂಗುತ್ತೇನೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಕೆಳಗಿನ ಎರಡು ಮುಂಬಲ್ಲು ಸ್ವಲ್ಪ ಅಲ್ಲಾಡುತ್ತವೆ. ಒಂದು ದವಡೆ ಹಲ್ಲು ಹುಳುಕಾಗಿದೆ. ಡ್ರಿಲ್ಲಿನ ಸದ್ದು ಕೇಳಿದರೆ ಸಾಕು, ಕೈಕಾಲು ನಡುಗುತ್ತದೆ. ನಮ್ಮ ಊರಿನ ಕ್ಲಿನಿಕ್ ಒಂದರಲ್ಲಿ ‘ಲೇಸರ್ ಚಿಕಿತ್ಸೆ: ನೋವಿಲ್ಲ, ರಕ್ತವಿಲ್ಲ, ಹೊಲಿಗೆಯಿಲ್ಲ’ ಎಂದು ಬೋರ್ಡು ಹಾಕಿದ್ದಾರೆ. ಸಾಮಾನ್ಯ ಕ್ಲೀನಿಂಗ್‌ಗಿಂತ ಐದಾರು ಪಟ್ಟು ಹಣ ಕೇಳುತ್ತಾರೆ. ಲೇಸರ್ ಎಂದರೆ ವಿಕಿರಣ, ಕ್ಯಾನ್ಸರ್ ಬರುತ್ತದೆ ಎಂದು ಅಕ್ಕ ಹೆದರಿಸುತ್ತಾಳೆ. ಮಾಡಿಸಿಕೊಳ್ಳಲೇ, ಬೇಡವೇ?
— ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ವಸಡಿಗೆ ಈಗ ಬೇಕಾಗಿರುವುದು ಬೇರಿನವರೆಗೂ ಇಳಿದು ಮಾಡುವ ಕ್ಲೀನಿಂಗ್ ಮತ್ತು ಹತೋಟಿಗೆ ಬಂದ ಸಕ್ಕರೆ. ಲೇಸರ್ ವಿಚಾರ ಆಮೇಲಿನದು, ಅದರ ಅಗತ್ಯ ಬೀಳದೆಯೂ ಹೋಗಬಹುದು. ಹುಳುಕು ಹಲ್ಲಿಗೆ ಲೇಸರ್ ಬಳಸಬಹುದು, ಆದರೆ ವಸಡಿಗೆ ಬಳಸುವ ಯಂತ್ರವೇ ಹಲ್ಲಿಗೂ ಬರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಜನ ಎಡವುವುದು ಇಲ್ಲೇ. ಬೋರ್ಡಿನ ಮೇಲೆ ‘ಲೇಸರ್’ ಎಂಬ ಒಂದೇ ಪದ ಇರುತ್ತದೆ. ಆ ಪದದಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಬಗೆಯ ಉಪಕರಣಗಳಿವೆ.

ಅಕ್ಕನ ಭಯದಿಂದ ಶುರು ಮಾಡೋಣ, ಅದು ಬೇಗ ಮುಗಿಯುತ್ತದೆ. ಎಕ್ಸ್-ರೇ ಕಿರಣಕ್ಕೆ ಜೀವಕೋಶದೊಳಗಿನ ಡಿಎನ್‌ಎಯನ್ನು ಕೆಡಿಸುವ ಶಕ್ತಿ ಇದೆ. ದಂತ ಚಿಕಿತ್ಸೆಯಲ್ಲಿ ಬಳಸುವ ಲೇಸರ್‌ಗೆ ಆ ಶಕ್ತಿ ಇಲ್ಲ. ಅದು ಬೆಳಕು. ಬಹುಪಾಲು ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು. ತಾಗಿದ ಕಡೆ ಬಿಸಿ ಮಾಡುತ್ತದೆ, ಅಷ್ಟೇ. ಕ್ಯಾನ್ಸರ್ ತರುವುದಿಲ್ಲ. ಹಾಗೆಂದು ನಿರುಪದ್ರವಿಯೂ ಅಲ್ಲ: ಅಳತೆ ತಪ್ಪಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟ ನೆನಪು ನಿಮಗೂ ಇರಬಹುದು. ಬಿಳಿ ಕಾಗದ ಬೇಗ ಸುಡುವುದಿಲ್ಲ, ಕಪ್ಪು ಬಣ್ಣ ಬಳಿದ ಕಾಗದ ತಕ್ಷಣ ಹೊಗೆಯಾಡುತ್ತದೆ. ಕಪ್ಪು ಬೆಳಕನ್ನು ಹೀರುತ್ತದೆ, ಬಿಳಿ ಹಿಂದಕ್ಕೆಸೆಯುತ್ತದೆ. ಲೇಸರ್‌ನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆಯೇ. ಪ್ರತಿ ಲೇಸರ್‌ಗೂ ಅದರದ್ದೇ ತರಂಗಾಂತರ (ಬೆಳಕಿನ ಬಗೆಯನ್ನು ಹೇಳುವ ಅಳತೆ) ಇರುತ್ತದೆ, ಆ ತರಂಗಾಂತರವನ್ನು ಯಾವ ವಸ್ತು ಹೀರುತ್ತದೋ ಅದರ ಮೇಲೆ ಮಾತ್ರ ಅದರ ಬಲ ನಡೆಯುತ್ತದೆ. ಒಂದಕ್ಕೆ ರಕ್ತದ ಕೆಂಪು ಮತ್ತು ಚರ್ಮದ ಕಪ್ಪು ಬೇಕು. ಇನ್ನೊಂದಕ್ಕೆ ನೀರು ಬೇಕು.

ಇದನ್ನು ಕಂಡುಕೊಳ್ಳಲು ದಂತವೈದ್ಯರಿಗೆ ಸುಮಾರು ಮೂವತ್ತು ವರ್ಷ ಹಿಡಿಯಿತು. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ನಾಲ್ಕೇ ವರ್ಷದಲ್ಲಿ ಕಿತ್ತ ಹಲ್ಲುಗಳ ಮೇಲೆ ಅದರ ಪ್ರಯೋಗ ನಡೆಯಿತು. 1965ರಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ದಂತವೈದ್ಯನಾಗಿದ್ದ ತಮ್ಮ ಸಹೋದರನ ಹಲ್ಲಿನ ಮೇಲೇ ಆ ಕಿರಣ ಹಾಯಿಸಿದರು. ಬದುಕಿರುವ ಹಲ್ಲಿಗೆ ಲೇಸರ್ ತಾಗಿದ್ದು ಅದೇ ಮೊದಲು. ನೋವಾಗಲಿಲ್ಲ ಎಂದು ವರದಿಯಾಯಿತು, ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಮಾಣಿಕ್ಯದ ಕಿರಣವನ್ನು ಹಲ್ಲು ಚೆನ್ನಾಗಿ ಹೀರುವುದಿಲ್ಲ. ಹಲ್ಲನ್ನು ಕೊರೆಯುವಷ್ಟು ಶಕ್ತಿ ಹಾಯಿಸಿದರೆ ಬಿಸಿ ಒಳಗಿನ ತಿರುಳಿಗೆ ಇಳಿಯುತ್ತದೆ. ಆ ತಿರುಳಿನಲ್ಲಿ ನರ ಇದೆ, ರಕ್ತನಾಳ ಇದೆ. ಅದೇ 1965ರಲ್ಲಿ ಝಾಕ್ ಮತ್ತು ಕೋಹೆನ್ ಎಂಬಿಬ್ಬರು ಕೋತಿಗಳ ಹಲ್ಲಿನಲ್ಲಿ ಪರೀಕ್ಷಿಸಿ, ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದರೂ ನೂರಕ್ಕೆ ಹದಿನೈದು ಹಲ್ಲು ಚೇತರಿಸಿಕೊಳ್ಳುವುದಿಲ್ಲ ಎಂದು ತೋರಿಸಿದರು. ಬಿಸಿ ಕಾಫಿ ಕುಡಿಯುವ ನಮಗೆ ಐದೂವರೆ ಡಿಗ್ರಿ ಏನೂ ಅನ್ನಿಸದು, ತಿರುಳಿಗೆ ಅದು ಜೀವದ ಪ್ರಶ್ನೆ. ಇವತ್ತಿಗೂ ಹಲ್ಲಿನ ಮೇಲೆ ಬಿಸಿಯಾಗುವ ಯಾವ ಉಪಕರಣ ಹಿಡಿದರೂ ಈ ಸಂಖ್ಯೆ ನನ್ನ ತಲೆಯಲ್ಲಿರುತ್ತದೆ.

ನಡುವೆ ಒಂದು ಮಾತು. 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರ್ ಕಂಡುಹಿಡಿದ ಕುಮಾರ್ ಪಟೇಲ್ ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು. ಬಾಯಿಯ ಮೃದು ಭಾಗದ ಶಸ್ತ್ರಕ್ರಿಯೆಯಲ್ಲಿ ಅವರ ಲೇಸರ್ ಇಂದಿಗೂ ಬಳಕೆಯಲ್ಲಿದೆ.

ಹಲ್ಲಿಗೆ ಒದಗಿದ್ದು ಎರ್ಬಿಯಂ ಲೇಸರ್. ಅದರ ತರಂಗಾಂತರ 2,940 ನ್ಯಾನೋಮೀಟರ್. ನೀರು ಅತಿ ಹೆಚ್ಚು ಹೀರುವ ಬೆಳಕು ಹೆಚ್ಚುಕಡಿಮೆ ಇಲ್ಲೇ ಇದೆ. ಹಲ್ಲಿನಲ್ಲಿ ನೀರೆಲ್ಲಿದೆ ಎನ್ನಬಹುದು. ಹಲ್ಲಿನ ಹೊರಪದರವಾದ ಎನಾಮಲ್ ಅಷ್ಟು ಗಟ್ಟಿಯಾಗಿದ್ದರೂ ಅದರೊಳಗೆ ಸ್ವಲ್ಪ ನೀರಿದೆ, ಅದರಡಿಯ ಡೆಂಟೀನ್‌ನಲ್ಲಿ ಇನ್ನಷ್ಟಿದೆ, ಹುಳುಕು ಹಿಡಿದ ಭಾಗ ನೆಂದ ಮಣ್ಣಿನಂತೆ ನೀರು ತುಂಬಿಕೊಂಡಿರುತ್ತದೆ. ಜೋಳದ ಅರಳು ಹುರಿಯುವಾಗ ಏನಾಗುತ್ತದೆ ನೋಡಿ: ಕಾಳಿನೊಳಗಿನ ತೇವ ಆವಿಯಾಗಿ, ಒತ್ತಡ ತಡೆಯಲಾರದೆ ಸಿಪ್ಪೆ ಸಿಡಿಯುತ್ತದೆ. ಎರ್ಬಿಯಂ ಕಿರಣ ಬಿದ್ದಾಗ ಹಲ್ಲಿನಲ್ಲಿ ನಡೆಯುವುದೂ ಅದೇ, ಕಣ್ಣಿಗೆ ಕಾಣದಷ್ಟು ಸಣ್ಣ ಅಳತೆಯಲ್ಲಿ. ಹುಳುಕಿನಲ್ಲಿ ನೀರು ಹೆಚ್ಚಿರುವುದರಿಂದ ಅದು ಮೊದಲು ಸಿಡಿದು ಹೋಗುತ್ತದೆ, ಗಟ್ಟಿ ಹಲ್ಲು ಹೆಚ್ಚು ಉಳಿಯುತ್ತದೆ. ಜೊತೆಗೇ ನೀರು ಚಿಮುಕಿಸುತ್ತ ಇರುವುದರಿಂದ ತಿರುಳಿಗೆ ಬಿಸಿ ತಟ್ಟುವುದಿಲ್ಲ. 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹುಳುಕು ತೆಗೆಯಲು ಇದಕ್ಕೆ ಒಪ್ಪಿಗೆ ಕೊಟ್ಟಿತು.

ಈಗ ನಿಮ್ಮ ಊರಿನ ಬೋರ್ಡಿಗೆ ಬರೋಣ. ಸಣ್ಣ ಊರಿನ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಡಯೋಡ್ ಲೇಸರ್. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಕೂದಲೆಳೆಯಂಥ ಗಾಜಿನ ತಂತು, ಪೆನ್ನಿನಂತಹ ಹಿಡಿ. ಎರ್ಬಿಯಂ ಯಂತ್ರ ಇದಕ್ಕಿಂತ ಹಲವು ಪಟ್ಟು ದುಬಾರಿ, ಹಾಗಾಗಿ ದೊಡ್ಡ ಊರುಗಳಲ್ಲೂ ವಿರಳ. ಡಯೋಡ್‌ನ ತರಂಗಾಂತರ ಸಾಮಾನ್ಯವಾಗಿ 810ರಿಂದ 980 ನ್ಯಾನೋಮೀಟರ್ ಒಳಗೆ. ಅದು ರಕ್ತವನ್ನೂ ಕಪ್ಪು ವರ್ಣಕವನ್ನೂ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ವಸಡು ಕತ್ತರಿಸಲು, ಕತ್ತರಿಸುತ್ತಲೇ ರಕ್ತ ನಿಲ್ಲಿಸಲು ತುಂಬ ಒಳ್ಳೆಯದು. ಹಲ್ಲನ್ನು ಅದು ಕೊರೆಯಲಾರದು, ಹಠ ಹಿಡಿದು ಹಾಯಿಸಿದರೆ ತಿರುಳನ್ನು ಬೇಯಿಸುತ್ತದೆ. ಕ್ಲಿನಿಕ್ಕಿನಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: “ಡಾಕ್ಟ್ರೇ, ನಿಮ್ಮಲ್ಲಿರೋದು ಡಯೋಡೋ, ಎರ್ಬಿಯಮ್ಮೋ?” ಡಯೋಡ್ ಎಂದರೆ ನಿಮ್ಮ ಹುಳುಕು ಹಲ್ಲಿನ ಮಟ್ಟಿಗೆ ಆ ಮಾತು ಮುಗಿಯಿತು. (ಸಿಮೆಂಟು ಗಟ್ಟಿ ಮಾಡಲು ಬಾಯಿಗೆ ಹಿಡಿಯುವ ನೀಲಿ ದೀಪವನ್ನೂ ಎಷ್ಟೋ ಜನ ಲೇಸರ್ ಎಂದು ತಿಳಿದಿದ್ದಾರೆ. ಅದು ಎಲ್‌ಇಡಿ ದೀಪ, ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ.)

ವಸಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೀಡು ಮಾಡಿದ್ದು ಅಲ್ಲಾಡುತ್ತಿರುವ ಆ ಎರಡು ಹಲ್ಲು. ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ, ಆರೋಗ್ಯವಾಗಿದ್ದರೆ ಅದರ ಆಳ ಮೂರು ಮಿಲಿಮೀಟರ್ ಮೀರುವುದಿಲ್ಲ. ಅಲ್ಲಿ ಉಳಿದ ಪಾಚಿ ದಿನ ಕಳೆದಂತೆ ಸುಣ್ಣಗಟ್ಟುತ್ತದೆ, ಬಚ್ಚಲ ಹಂಡೆಯೊಳಗೆ ಗಟ್ಟಿ ಪದರ ಕೂರುವುದಿಲ್ಲವೇ, ಹಾಗೆ. ನಾವದನ್ನು ಗಾರೆ ಎನ್ನುತ್ತೇವೆ. ಗಾರೆಯ ಮೇಲೆ ಸೂಕ್ಷ್ಮಾಣುಗಳು ಮನೆ ಮಾಡುತ್ತವೆ, ವಸಡು ಊದುತ್ತದೆ, ಒಳಗಿನ ಎಲುಬು ಕರಗುತ್ತದೆ, ಸಂದು ಆಳವಾಗುತ್ತ ಹೋಗುತ್ತದೆ. ಐದು, ಆರು, ಏಳು ಮಿಲಿಮೀಟರ್. ಎಲುಬಿನ ಆಸರೆ ಕಡಿಮೆಯಾದಾಗ ಹಲ್ಲು ಅಲ್ಲಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದೆಲ್ಲ ಬೇಗ ನಡೆಯುತ್ತದೆ.

ಹಂಡೆಯ ಸುಣ್ಣವನ್ನು ಬೆಳಕು ತೋರಿಸಿ ಕಿತ್ತವರಿಲ್ಲ. ಡಯೋಡ್ ಲೇಸರ್ ಗಾರೆಯನ್ನು ತೆಗೆಯುವುದಿಲ್ಲ. ಅದನ್ನು ಅಲ್ಟ್ರಾಸಾನಿಕ್ ಸ್ಕೇಲರ್‌ನಿಂದ, ಆಮೇಲೆ ಕೈಯಲ್ಲಿ ಹಿಡಿಯುವ ಕ್ಯುರೆಟ್‌ನಿಂದ, ಬೇರಿನ ಮೇಲೆ ಬೆರಳಿನ ಸ್ಪರ್ಶದಲ್ಲಿ ಹುಡುಕಿ ಹುಡುಕಿ ಕೆರೆದು ತೆಗೆಯಬೇಕು. ಇದು ನಿಧಾನದ ಕೆಲಸ. ಒಂದು ಕೂರಿಕೆಯಲ್ಲಿ ಮುಗಿಯುವುದು ಅಪರೂಪ. ಇಷ್ಟೆಲ್ಲ ಆದಮೇಲೆ ಲೇಸರ್ ಹಾಯಿಸಿದರೆ ಏನು ಲಾಭ? 2018ರಲ್ಲಿ ಅಮೆರಿಕದ ವಸಡು ತಜ್ಞರ ಅಕಾಡೆಮಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿತು. ಕ್ಲೀನಿಂಗ್ ಜೊತೆಗೆ ಲೇಸರ್ ಸೇರಿಸಿದಾಗ ಸಂದಿನ ಆಳದ ಲೆಕ್ಕದಲ್ಲಿ ಸಿಗುವ ಹೆಚ್ಚುವರಿ ಗುಣ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ ಎಂದು ಕಂಡಿತು. ಇಲ್ಲವೆಂದಲ್ಲ, ಇದೆ, ಆದರೆ ಅಷ್ಟೇ ಇದೆ. ಐದಾರು ಪಟ್ಟು ಹಣಕ್ಕೆ ಅದು ಸಮವೇ ಎಂಬುದನ್ನು ನಿಮ್ಮ ಕೈಯಲ್ಲಿರುವ ದುಡ್ಡು ನೋಡಿ ನೀವು ನಿರ್ಧರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆ ಹಣದಲ್ಲಿ ವರ್ಷಕ್ಕೆ ನಾಲ್ಕು ಸಲ ಸರಿಯಾದ ಕ್ಲೀನಿಂಗ್ ಮಾಡಿಸಿಕೊಳ್ಳಿ. ಗಾರೆ ತೆಗೆಯದೆ ಬರೀ ಲೇಸರ್ ಹಾಯಿಸಿ ಕಳಿಸಿದರೆ ಅದು ಚಿಕಿತ್ಸೆಯೇ ಅಲ್ಲ. ವಾರದ ಮಟ್ಟಿಗೆ ರಕ್ತ ನಿಲ್ಲುತ್ತದೆ, ಒಳಗೆ ಎಲುಬು ಕರಗುವುದು ನಿಲ್ಲುವುದಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಿಮಗೂ ಯಾರಾದರೂ ಹೇಳಿರುತ್ತಾರೆ. ಗಾರೆ ಹೋದಾಗ ಹಲ್ಲುಗಳ ನಡುವೆ ಸಂದು ಕಾಣುವುದು ನಿಜ, ನಾಲ್ಕಾರು ದಿನ ಜುಮ್ಮೆನ್ನುವುದೂ ನಿಜ. ಆ ಸಂದು ಮೊದಲೇ ಇತ್ತು, ಗಾರೆ ಮತ್ತು ಊತ ಅದನ್ನು ಮುಚ್ಚಿತ್ತು. ಊತ ಇಳಿದ ಮೇಲೆ ಹಲ್ಲು ಎಷ್ಟೋ ಗಟ್ಟಿಯಾಗುವುದನ್ನು ನಾನು ದಿನವೂ ನೋಡುತ್ತೇನೆ. ಇನ್ನೊಂದು ಸಂತೋಷದ ವಿಷಯ: ವಸಡಿನ ಚಿಕಿತ್ಸೆ ಸರಿಯಾಗಿ ಆದವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆಯ ಶೇಕಡಾವಾರು ಅಂಕಿ) ಸರಾಸರಿ ಸುಮಾರು 0.4ರಷ್ಟು ಇಳಿಯುತ್ತದೆ. ವಸಡು ಗುಣವಾದರೆ ಸಕ್ಕರೆಯೂ ಸ್ವಲ್ಪ ನಿಮ್ಮ ಮಾತು ಕೇಳುತ್ತದೆ.

ಬಿಪಿ ಮಾತ್ರೆ ಎಂದು ಬರೆದಿದ್ದೀರಿ, ಹೆಸರು ಬರೆದಿಲ್ಲ. ಅದು ಆಮ್ಲೋಡಿಪಿನ್ ಆಗಿದ್ದರೆ ದಂತವೈದ್ಯರಿಗೆ ತಪ್ಪದೆ ಹೇಳಿ. ಕೆಲವರಲ್ಲಿ ಆ ಮಾತ್ರೆಯಿಂದ ವಸಡು ಬೆಳೆದು ಹಲ್ಲಿನ ಮೇಲೆ ಏರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದಲೂ ಹೀಗಾಗುತ್ತದೆ. ಬೆಳೆದ ವಸಡಿನೊಳಗೆ ಬ್ರಷ್ ಇಳಿಯುವುದಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ನೋಡುವ ವೈದ್ಯರು ಬೇರೆ ಮಾತ್ರೆಗೆ ಬದಲಿಸಬಲ್ಲರು. ಕ್ಲೀನಿಂಗ್ ಆದಮೇಲೂ ವಸಡು ಇಳಿಯದಿದ್ದರೆ ಆಗ ನಾನು ಖುಷಿಯಿಂದ ಡಯೋಡ್ ಕೈಗೆತ್ತಿಕೊಳ್ಳುತ್ತೇನೆ. ಬ್ಲೇಡಿನಲ್ಲಿ ಕತ್ತರಿಸಿದರೆ ಊದಿದ ವಸಡು ಬುಗ್ಗೆಯಂತೆ ರಕ್ತ ಸುರಿಸುತ್ತದೆ, ಲೇಸರ್‌ನಲ್ಲಿ ಕೆಲಸದ ಜಾಗ ಒಣಗಿ ಸ್ಪಷ್ಟವಾಗಿ ಕಾಣುತ್ತದೆ, ಹೊಲಿಗೆಯೂ ಬೇಕಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇದು ದೊಡ್ಡ ಅನುಕೂಲ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರಿಗೂ ಅಷ್ಟೇ: ವಿದ್ಯುತ್ತಿನಿಂದ ಸುಡುವ ಕಾಟರಿ ಪೇಸ್‌ಮೇಕರ್‌ಗೆ ಅಡ್ಡಿ ಮಾಡಬಹುದು, ಲೇಸರ್‌ನಿಂದ ದೇಹದೊಳಗೆ ವಿದ್ಯುತ್ ಹರಿಯುವುದಿಲ್ಲ. ಕೊನೆಯ ದವಡೆ ಹಲ್ಲಿನ ಮೇಲೆ ಮುಚ್ಚಳದಂತೆ ಕುಳಿತು ಪದೇಪದೇ ಕೀವಾಗುವ ವಸಡು, ತುಟಿಯ ಒಳಬದಿಯಲ್ಲಿ ಬಿಗಿಯಾಗಿ ಎಳೆಯುವ ಮಾಂಸದ ಪಟ್ಟಿ, ಹೊರಬರಲಾರದೆ ವಸಡಿನಡಿ ಸಿಕ್ಕಿಕೊಂಡ ಮಕ್ಕಳ ಹಲ್ಲು, ಇವಕ್ಕೂ ಅದು ಒಳ್ಳೆಯ ಸಾಧನ.

ಲೇಸರ್‌ನಿಂದ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವ ಪ್ರಯೋಜನ ಒಂದಿದೆ, ಅದು ಯಾವ ಬೋರ್ಡಿನಲ್ಲೂ ಕಾಣುವುದಿಲ್ಲ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುವವರ ಬಾಯೆಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾಗುತ್ತದೆ. ಕತ್ತರಿಸದ, ಸುಡದ, ತೀರ ಮಂದ ಶಕ್ತಿಯ ಲೇಸರ್ ಬೆಳಕನ್ನು ಮೊದಲಿನಿಂದಲೇ ಬಾಯಿಗೆ ಕೊಡುತ್ತ ಬಂದರೆ ಆ ಹುಣ್ಣಿನ ತೀವ್ರತೆ ತಗ್ಗುತ್ತದೆ. ಕ್ಯಾನ್ಸರ್ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಇದನ್ನು ಶಿಫಾರಸು ಮಾಡುತ್ತವೆ. ತಂಬಾಕು, ಅಡಿಕೆಯಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಮ್ಮ ನಾಡಿನಲ್ಲಿ ಇದು ಎಲ್ಲ ಆಸ್ಪತ್ರೆಗಳಿಗೂ ತಲುಪಬೇಕು. ಮನೆಯಲ್ಲಿ ಯಾರಾದರೂ ಅಂಥ ಚಿಕಿತ್ಸೆಯಲ್ಲಿದ್ದರೆ ವೈದ್ಯರನ್ನು ಕೇಳಿ.

ಹುಳುಕು ಹಲ್ಲಿಗೆ ಮರಳೋಣ. ಎರ್ಬಿಯಂ ಇರುವ ಕಡೆ ಹೋದರೆ ಏನಾಗುತ್ತದೆ? ಡ್ರಿಲ್ಲಿನ ಕೀರಲು ಸದ್ದು ಇರುವುದಿಲ್ಲ, ನಡುಕ ಇರುವುದಿಲ್ಲ. ಚಟಪಟ ಎಂಬ ಸದ್ದು, ತಣ್ಣೀರಿನ ಸಿಂಪಡಿಕೆ. ಸಣ್ಣ ಹುಳುಕಾದರೆ ಎಷ್ಟೋ ಜನ ಚುಚ್ಚುಮದ್ದಿಲ್ಲದೆ ಮಾಡಿಸಿಕೊಳ್ಳುತ್ತಾರೆ. ಆಳವಾಗಿದ್ದರೆ ನೋವಾಗುತ್ತದೆ, ಚುಚ್ಚುಮದ್ದು ಬೇಕಾಗುತ್ತದೆ, ‘ನೋವಿಲ್ಲ’ ಎಂಬ ಮಾತಿಗೆ ಖಾತರಿ ಇಲ್ಲ. ಡ್ರಿಲ್ಲಿಗಿಂತ ಸಮಯ ಹೆಚ್ಚು ಹಿಡಿಯುತ್ತದೆ. ಹಳೆಯ ಬೆಳ್ಳಿ ಸಿಮೆಂಟನ್ನು ಅದರಿಂದ ತೆಗೆಯಬಾರದು, ಕ್ಯಾಪ್ ಕೂರಿಸಲು ಹಲ್ಲು ಸವೆಸಬೇಕಾದರೆ ಡ್ರಿಲ್ಲೇ ಬೇಕು. ಹುಳುಕು ತಿರುಳಿಗೆ ಮುಟ್ಟಿದ್ದರೆ ರೂಟ್ ಕೆನಾಲ್ ತಪ್ಪುವುದಿಲ್ಲ. ಅಲ್ಲಿಯೂ ಲೇಸರ್ ಬೇರಿನ ಕಾಲುವೆಯೊಳಗಿನ ಔಷಧದ ನೀರನ್ನು ಕಲಕಿ ಮೂಲೆಮೂಲೆಗೆ ತಲುಪಿಸಲು ನೆರವಾಗುತ್ತದೆಯೇ ಹೊರತು, ಕಾಲುವೆಯನ್ನು ಕೆರೆದು ಸ್ವಚ್ಛ ಮಾಡುವ ಸೂಜಿಯಂಥ ಫೈಲ್‌ಗಳ ಕೆಲಸವನ್ನು ತಾನೇ ಮಾಡುವುದಿಲ್ಲ.

ನಿಮ್ಮ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆ ಸದ್ದಿಗೆ ಹೆದರಿ ವರ್ಷಗಟ್ಟಲೆ ಬಾರದೆ, ಕೊನೆಗೆ ಮುಖ ಊದಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಎರ್ಬಿಯಂ ಹುಡುಕಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಬರುವಷ್ಟು ಅನುಕೂಲ ಇದ್ದರೆ ಹೋಗಿ. ಇಲ್ಲದಿದ್ದರೆ ನಿಮ್ಮ ಊರಿನಲ್ಲೇ ಡಾಕ್ಟರಿಗೆ ಮೊದಲೇ ಹೇಳಿ: “ನನಗೆ ಸದ್ದು ಅಂದ್ರೆ ಭಯ. ಮೊದಲು ಚೆನ್ನಾಗಿ ಮರಗಟ್ಟಿಸಿ. ನಾನು ಎಡಗೈ ಎತ್ತಿದರೆ ನಿಲ್ಲಿಸಿ.” ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲಗಿ. ನಿಲ್ಲಿಸುವ ಹಿಡಿತ ತಮ್ಮ ಕೈಯಲ್ಲಿದೆ ಎಂದು ಗೊತ್ತಾದಾಗಲೇ ಅರ್ಧ ಜನರ ಮೈ ಸಡಿಲವಾಗುತ್ತದೆ.

ಯಾವ ಲೇಸರ್ ಮಾಡಿಸಿದರೂ ಕಣ್ಣಿನ ವಿಷಯದಲ್ಲಿ ರಾಜಿ ಬೇಡ. ಡಾಕ್ಟರು, ಸಹಾಯಕರು, ನೀವು, ಜೊತೆಯಲ್ಲಿ ಬಂದವರು, ಕೋಣೆಯಲ್ಲಿರುವ ಪ್ರತಿಯೊಬ್ಬರೂ ಆ ಲೇಸರ್‌ನ ತರಂಗಾಂತರ ಬರೆದಿರುವ ಕನ್ನಡಕ ಹಾಕಿರಬೇಕು. ಬಿಸಿಲಿನ ಕಪ್ಪು ಕನ್ನಡಕ ಸಾಲದು, ಡಯೋಡ್‌ನ ಕನ್ನಡಕ ಎರ್ಬಿಯಂಗೆ ಬರುವುದಿಲ್ಲ. ಮೂಗುಬೊಟ್ಟು ತೆಗೆದಿಡಿ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಹೊಳೆಯುವ ಲೋಹದಿಂದ ಕಿರಣ ಪುಟಿಯುತ್ತದೆ. ಸುಟ್ಟ ಹೊಗೆಯನ್ನು ಪಕ್ಕದಲ್ಲೇ ಹೀರುವ ಕೊಳವೆ ಹಿಡಿದಿರಬೇಕು. ನನ್ನದೇ ಅನುಭವ ಒಂದನ್ನು ಹೇಳುತ್ತೇನೆ. ಡಯೋಡ್ ಬಳಸಲು ಆರಂಭಿಸಿದ ದಿನಗಳಲ್ಲಿ ಒಬ್ಬ ಯುವಕನ ವಸಡಿನ ಮೇಲೆ ತುದಿಯನ್ನು ಬೇಕಾದ್ದಕ್ಕಿಂತ ಒಂದೆರಡು ಕ್ಷಣ ಹೆಚ್ಚು ನಿಲ್ಲಿಸಿದೆ. ರಕ್ತ ಬರಲಿಲ್ಲ, ನೋಡಲು ಚೊಕ್ಕವಾಗಿತ್ತು. ಮೂರನೆಯ ದಿನ ಅವನು ನೋವಿನಿಂದ ಬಂದ, ಗಾಯ ಮಾಯಲು ಮೂರು ವಾರ ಹಿಡಿಯಿತು. ಬ್ಲೇಡಿನ ಗಾಯ ಕಣ್ಣಿಗೆ ಕಾಣುತ್ತದೆ. ಬಿಸಿಯ ಗಾಯ ಅಡಗಿರುತ್ತದೆ. ಅವತ್ತಿನಿಂದ ತುದಿಯನ್ನು ಒಂದೇ ಕಡೆ ನಿಲ್ಲಿಸದೆ ಬಣ್ಣ ಬಳಿಯುವ ಕುಂಚದಂತೆ ಆಡಿಸುತ್ತೇನೆ. ಹಾಗಾಗಿ “ಇದಕ್ಕೆ ಎಲ್ಲಿ ತರಬೇತಿ ಪಡೆದಿರಿ?” ಎಂದು ಕೇಳುವುದು ನಿಮ್ಮ ಹಕ್ಕು. ಪ್ರಾಮಾಣಿಕ ವೈದ್ಯರು ಮುನಿಸಿಕೊಳ್ಳುವುದಿಲ್ಲ.

ನೀವು ಕೇಳಿಲ್ಲ, ಆದರೂ ಮೂರು ಎಚ್ಚರಿಕೆ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಎರಡು ವಾರ ದಾಟಿದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು ಇದ್ದರೆ ಅದನ್ನು ಪರೀಕ್ಷೆ ಇಲ್ಲದೆ ಲೇಸರ್‌ನಲ್ಲಿ ಸುಡಿಸಬೇಡಿ. ಮೊದಲು ತುಣುಕು ತೆಗೆದು ಬಯಾಪ್ಸಿಗೆ ಕಳಿಸಬೇಕು, ಸುಟ್ಟುಹೋದ ಚರ್ಮ ಕ್ಯಾನ್ಸರ್ ಇತ್ತೋ ಇಲ್ಲವೋ ಹೇಳಲಾರದು. ಎರಡನೆಯದು, ಕಪ್ಪು ವಸಡನ್ನು ಗುಲಾಬಿ ಮಾಡುವ ಲೇಸರ್. ನಮ್ಮ ಮೈಬಣ್ಣದವರಿಗೆ ವಸಡು ಕಪ್ಪಗಿರುವುದು ಸಹಜ, ಅದು ರೋಗವಲ್ಲ. ಮಾಡಿಸಿದರೂ ಬಣ್ಣ ವರ್ಷಗಳಲ್ಲಿ ಮರಳಬಹುದು. ಮದುವೆಗೆ ಮುನ್ನ ಹೆಣ್ಣುಮಕ್ಕಳನ್ನು ಇದಕ್ಕಾಗಿ ಕರೆತರುವ ತಂದೆತಾಯಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೊನೆಯದು, ಹಲ್ಲು ಬಿಳುಪಾಗಿಸುವ ಲೇಸರ್. ಅಲ್ಲಿ ಬಿಳುಪು ಮಾಡುವುದು ಪೆರಾಕ್ಸೈಡ್ ಔಷಧ, ಬೆಳಕು ಸೇರಿಸುವುದು ಅತ್ಯಲ್ಪ. ಕೋಲಾರ, ಪಾವಗಡ, ಮುಂಡರಗಿ ಕಡೆಯ ಫ್ಲೋರೈಡ್ ನೀರಿನಿಂದ ಬಂದ ಕಂದು ಕಲೆಯನ್ನು ಲೇಸರ್ ಅಳಿಸುವುದಿಲ್ಲ, ಅದಕ್ಕೆ ಬೇರೆ ದಾರಿಗಳಿವೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ವಸಡು ತಜ್ಞರನ್ನೇ ನೋಡಿ, ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಸಿಗುತ್ತಾರೆ. ಬೆಳಗಿನ ಹೊತ್ತು, ತಿಂಡಿ ತಿಂದು, ಮಾತ್ರೆ ನುಂಗಿ ಹೋಗಿ. ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಪ್ರತಿ ಹಲ್ಲಿನ ಸಂದಿನ ಆಳ ಅಳೆದು ಬರೆದುಕೊಡಿ ಎಂದು ಕೇಳಿ, ಎಕ್ಸ್-ರೇ ತೆಗೆಸಿ. ಆಳದ ಕ್ಲೀನಿಂಗ್ ಆಗಿ ಮೂರು ತಿಂಗಳಿಗೆ ಮತ್ತೆ ಅಳೆಸಿ. ಆಗಲೂ ಐದಾರು ಮಿಲಿಮೀಟರ್ ಉಳಿದ ಕಡೆಗಳಲ್ಲಿ ಶಸ್ತ್ರಕ್ರಿಯೆಯೋ ಲೇಸರ್ ನೆರವೋ ಎಂಬ ಮಾತು ಎತ್ತಬಹುದು. ಮೊದಲ ಅಳತೆಯ ಚೀಟಿಯ ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ, ಎರಡನೆಯದರ ಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುತ್ತದೆ.